ಅಪ್ಪಣೆಯ ಗೆರೆ, ನಡತೆಯ ಗೆರೆ

1979ರ ಮಾರ್ಚ್ 28, ನಸುಕಿನ 4 ಗಂಟೆ. ಅಮೆರಿಕದ ಪೆನ್ಸಿಲ್ವೇನಿಯಾದ ಥ್ರೀ ಮೈಲ್ ಐಲೆಂಡ್ ಪರಮಾಣು ಸ್ಥಾವರದಲ್ಲಿ ಒತ್ತಡ ಏರಿ ಕವಾಟವೊಂದು ತೆರೆದುಕೊಂಡಿತು. ಒತ್ತಡ ಇಳಿದಾಗ ‘ಮುಚ್ಚು’ ಎಂಬ ಅಪ್ಪಣೆ ಹೋಯಿತು. ಫಲಕದ ದೀಪ ಆರಿತು. ಕವಾಟ ಮುಚ್ಚಿತೆಂದೇ ನಿರ್ವಾಹಕರು ನಂಬಿದರು. ಆದರೆ ದೀಪ ಹೇಳಿದ್ದು ಅಪ್ಪಣೆ ಹೋದ ಸುದ್ದಿಯನ್ನು ಮಾತ್ರ. ಕವಾಟ ತೆರೆದೇ ಇತ್ತು! ಸುಮಾರು 2 ಗಂಟೆ 20 ನಿಮಿಷ ಅದರ ಮೂಲಕ ರಿಯಾಕ್ಟರನ್ನು ತಣಿಸುವ ನೀರು ಸೋರಿಹೋಯಿತು. ಕೊನೆಗೆ ಇಂಧನದ ಸುಮಾರು ಅರ್ಧ ಭಾಗ ಕರಗಿತು.

ಇಂಥ ತಪ್ಪನ್ನು ಹಿಡಿಯಲು ಎಂಜಿನಿಯರುಗಳು ಬರೆಯುವ ಚಿತ್ರವೇ ಟೈಮಿಂಗ್ ಡಯಾಗ್ರಾಂ. ಕಾಲ ಎಡದಿಂದ ಬಲಕ್ಕೆ ಸಾಗುತ್ತದೆ. ಮೇಲಿನ ಗೆರೆ ಅಪ್ಪಣೆಯದು, ಕೆಳಗಿನದು ಕವಾಟದ ನಿಜಸ್ಥಿತಿಯದು. ಮೇಲಿನ ಗೆರೆ ಇಳಿದ ಇಂತಿಷ್ಟು ಸೆಕೆಂಡಿನೊಳಗೆ ಕೆಳಗಿನದೂ ಇಳಿಯಬೇಕೆಂದು ನಡುವೆ ಒಂದು ಬಾಣ. ಸ್ಥಾವರದ ದಾಖಲೆಯನ್ನು ಕಂಪ್ಯೂಟರು ಈ ಚಿತ್ರದೊಡನೆ ಹೋಲಿಸಿ, ಬಾಣದ ಕರಾರು ಮುರಿದ ಕ್ಷಣವನ್ನು ತೋರಿಸಬಲ್ಲದು. ಅಂಕಿಗಳ ರಾಶಿಯಲ್ಲಿ ಅಡಗುವ ತಪ್ಪು ಹೀಗೆ ಕಣ್ಣಿಗೆ ಬೀಳುತ್ತದೆ.

ಆದರೆ ಕೆಳಗಿನ ಗೆರೆ ಎಳೆಯಲು ಕವಾಟದ ಸ್ಥಿತಿಯನ್ನು ನೇರವಾಗಿ ಅಳೆಯುವ ಸಾಧನ ಬೇಕು. ಅಂದು ಅಲ್ಲಿ ಇಲ್ಲದ್ದು ಅದೇ. ಅಪ್ಪಣೆಯ ಗೆರೆಯೊಂದೇ ಇದ್ದರೆ ಹೋಲಿಸುವುದಾದರೂ ಯಾವುದಕ್ಕೆ?