ಅವ್ವ ಕಂಡ ದೋಷ

ಕಳೆದ ಶ್ರಾವಣದಲ್ಲಿ ಮುಂಬಯಿಯ ನಮ್ಮ ಮನೆಯ ಗ್ಯಾಸಿನ ಒಲೆ ಕೆಟ್ಟಿತು. ನೀಲಿಯಾಗಿರಬೇಕಾದ ಜ್ವಾಲೆ ಹಳದಿಗೆ ತಿರುಗಿ, ಪಾತ್ರೆಗಳ ತಳಕ್ಕೆಲ್ಲ ಮಸಿ ಹಿಡಿಯಿತು. ಸಿಲಿಂಡರಿನ ಅನಿಲವೇ ಕಳಪೆಯೆಂದು ನಾನು ತೀರ್ಪಿತ್ತೆನು. ಧಾರವಾಡದ ಕಡೆಯ ಹಳ್ಳಿಯಿಂದ ಬಂದಿದ್ದ ಅವ್ವ ಮಾತ್ರ, “ಮಸಿ ಬಂತಂದ್ರ ಬೆಂಕಿಗೆ ಗಾಳಿ ಸಾಲವಲ್ದು, ತಮ್ಮಾ” ಎಂದಳು.

ರೆಗ್ಯುಲೇಟರನ್ನು ಮುಚ್ಚಿ, ಒಲೆ ತಣ್ಣಗಾದ ಮೇಲೆ ಬರ್ನರನ್ನು ಎತ್ತಿ ನೋಡಿದೆನು. ಉಕ್ಕಿದ ಹಾಲು ರಂಧ್ರಗಳಲ್ಲಿ ಕರಕಲಾಗಿ ಕೂತಿತ್ತು. ಗಾಳಿ ಸೇರುವ ಕೆಳಗಿನ ಕಿಂಡಿಯನ್ನು ಧೂಳೂ ಜೇಡರಬಲೆಯೂ ಮುಚ್ಚಿದ್ದವು. ರಂಧ್ರಗಳನ್ನು ಸೂಜಿಯಿಂದ ಬಿಡಿಸಿ, ಕಿಂಡಿಯನ್ನು ಕುಂಚದಿಂದ ಗುಡಿಸಿದೆನು. ತೊಳೆದು ಒಣಗಿಸಿ ಇಟ್ಟ ಬರ್ನರು ಮತ್ತೆ ನೀಲಿಯಾಗಿ ಉರಿಯಿತು.

ಹಿರಿಯರಿಲ್ಲದೆ ನೀವು ಇದಕ್ಕೆ ಕೈಹಾಕಬಾರದು. ಅನಿಲದ ವಾಸನೆ ಬಂದರಂತೂ ಕಡ್ಡಿ ಗೀರದೆ, ದೀಪದ ಗುಂಡಿ ಒತ್ತದೆ, ಕಿಟಕಿ ತೆರೆಯಿರಿ.

ದಹನಕ್ಕೆ ಆಮ್ಲಜನಕ ಬೇಕೆಂದು ಹತ್ತು ವರ್ಷಗಳಿಂದ ಪಾಠ ಹೇಳುತ್ತ ಬಂದವನು ನಾನು. ಅದನ್ನು ಒಲೆಯಲ್ಲಿಯೇ ಓದಿಕೊಂಡವಳು ಶಾಲೆಯನ್ನೇ ಕಾಣದ ಅವ್ವ.