ಎರಡು ಬೆರಳು ಮುಂದೆ

ಶ್ರೀಮಠದ ನಮ್ಮ ಓದುವ ಕೋಣೆಯಲ್ಲಿ ಗ್ರಂಥಗಳ ಕಪಾಟಿನ ಮೇಲೆ ಒಂದು ಪುಟ್ಟ ಹಾಯಿದೋಣಿಯಿದೆ. ದರ್ಶನಕ್ಕೆ ಬಂದ ಭಕ್ತರು ಅದನ್ನು ಕಂಡು ಯಾರೋ ಕಾಣಿಕೆ ಕೊಟ್ಟಿರಬೇಕೆಂದು ಭಾವಿಸುತ್ತಾರೆ. ನಾವೇ ಉಳಿ ಹಿಡಿದು ಕೆತ್ತಿದ್ದೆಂದರೆ ಕೆಲವರು ನಗುತ್ತಾರೆ. ಕೆಲವರ ಮುಖದಲ್ಲಿ, ಸ್ವಾಮಿಗಳಾದವರಿಗೆ ಇದೇಕೆ ಎಂಬ ಪ್ರಶ್ನೆ ಮೂಡುತ್ತದೆ. ಪತ್ರಿಕೆಯ ಸಂಪಾದಕರೂ ಅದನ್ನೇ ಕೇಳಿದ್ದರಿಂದ ಈ ನಾಲ್ಕು ಮಾತು.

ಚಿಕ್ಕಂದಿನಲ್ಲಿ ನಮ್ಮ ಪೂರ್ವಾಶ್ರಮದ ತಂದೆಯವರು ಜೋಳದ ದಂಟಿನ ಬೆಂಡಿನಿಂದ ದೋಣಿ ಮಾಡಿಕೊಡುತ್ತಿದ್ದರು. ಹಳ್ಳದ ನೀರಿಗೆ ಬಿಟ್ಟರೆ ಹತ್ತು ಮಾರು ಹೋಗುವಷ್ಟರಲ್ಲಿ ಅದು ಮಗುಚಿಕೊಳ್ಳುತ್ತಿತ್ತು. ಒಂಬತ್ತನೆಯ ವಯಸ್ಸಿನಲ್ಲಿ ನಮ್ಮನ್ನು ಶ್ರೀಮಠಕ್ಕೆ ಒಪ್ಪಿಸಿದರು. ಪಾಠಶಾಲೆಯ ಸಂಸ್ಕೃತ, ಮುಂದೆ ವಿಶ್ವವಿದ್ಯಾಲಯದ ತರ್ಕಶಾಸ್ತ್ರ, ಇವುಗಳ ನಡುವೆ ಬೆಂಡಿನ ದೋಣಿ ಮರೆತೇಹೋಯಿತು.

ಅದು ಮತ್ತೆ ನೆನಪಾದದ್ದು ಲಂಡನ್ನಿನಲ್ಲಿ. 2015ರ ನವೆಂಬರ್ 14ರಂದು ಥೇಮ್ಸ್ ನದಿಯ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣಗೊಂಡಾಗ ಭಕ್ತರೊಂದಿಗೆ ನಾವೂ ಹೋಗಿದ್ದೆವು. ಮರುದಿನ ಭಾನುವಾರ. ಕೆನ್ಸಿಂಗ್ಟನ್ ಉದ್ಯಾನದಲ್ಲಿ, ಎರಡನೆಯ ಜಾರ್ಜ್ ದೊರೆಯ ಕಾಲದಲ್ಲಿ, 1730ರ ಸುಮಾರಿಗೆ ಕಟ್ಟಿಸಿದ ‘ರೌಂಡ್ ಪಾಂಡ್’ ಎಂಬ ಕೊಳವಿದೆ. ಅದರ ಅಂಚಿನಲ್ಲಿ ವೃದ್ಧರೊಬ್ಬರು ಮೀಟರ್ ಉದ್ದದ ಹಾಯಿದೋಣಿಯೊಂದನ್ನು ನೀರಿಗಿಳಿಸುತ್ತಿದ್ದರು. ನಮ್ಮ ಕುತೂಹಲವನ್ನು ಕಂಡು ಅವರು ಹಾಯಿಗಂಬವನ್ನು ನೀರಿಗೆ ತಾಗುವವರೆಗೆ ಬಾಗಿಸಿ ಕೈಬಿಟ್ಟರು. ದೋಣಿ ತಾನಾಗಿ ಎದ್ದು ನಿಂತಿತು! ಆ ವರ್ಗದ ದೋಣಿ ನಾಲ್ಕು ಕಿಲೋಗಿಂತ ಕಡಿಮೆ ತೂಗಬಾರದೆಂಬ ನಿಯಮವುಂಟಂತೆ. ಆ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ, ಒಡಲಿನ ಕೆಳಗೆ ಮೀನಿನ ರೆಕ್ಕೆಯಂತೆ ಇಳಿಬಿದ್ದ ಹಲಗೆಯಲ್ಲಿ ಮತ್ತು ಅದರ ತುದಿಯ ಸೀಸದಲ್ಲಿರುತ್ತದೆ. ಹಳ್ಳದಲ್ಲಿ ಮಗುಚಿದ ಬೆಂಡಿನ ದೋಣಿಗಳಿಗೆಲ್ಲ ಏನು ಕೊರತೆಯಿತ್ತೆಂಬುದು ನಮಗೆ ಆ ಕ್ಷಣ ತಿಳಿಯಿತು.

ಈಗಿನವರು ರೇಡಿಯೋ ಯಂತ್ರದಿಂದ ಚುಕ್ಕಾಣಿಯನ್ನೂ ಹಾಯಿಯ ಹಗ್ಗವನ್ನೂ ದಡದಿಂದಲೇ ಆಡಿಸುತ್ತಾರೆ. ದೋಣಿಯನ್ನು ನೂಕುವುದು ಮಾತ್ರ ಗಾಳಿಯೇ. ಹಿಂದಿನವರಿಗೆ ಆ ಸೌಕರ್ಯವಿರಲಿಲ್ಲ. ಹಾಯಿಯನ್ನೂ ಚುಕ್ಕಾಣಿಯನ್ನೂ ದಡದಲ್ಲಿಯೇ ಹೊಂದಿಸಿ ಬಿಟ್ಟುಕೊಡಬೇಕು. ಆಮೇಲೆ ಕೊಳವನ್ನು ಸುತ್ತಿ ಆಚೆ ದಡಕ್ಕೆ ಓಡಬೇಕು. ನಮಗೆ ಈ ಹಳೆಯ ಕ್ರಮವೇ ಹಿಡಿಸಿತು. ರೇಡಿಯೋ ತರಿಸುವುದು ಅಸಾಧ್ಯವೇನಲ್ಲ, ಆದರೆ ಕೈಯಲ್ಲಿ ಗುಂಡಿ ಹಿಡಿದು ನಿಂತವನಿಗೆ ತನ್ನ ಕೆಲಸದ ತಪ್ಪು ಬೇಗ ಕಾಣುವುದಿಲ್ಲ.

2018ರಲ್ಲಿ ಕೆಲಸಕ್ಕೆ ತೊಡಗಿದೆವು. ಹಗುರವಾದ ಹಾಲವಾಣದ ಹಲಗೆಗಳನ್ನು ಒಂದೊಂದು ಮಟ್ಟದ ಆಕಾರಕ್ಕೆ ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ, ಒಳಗೂ ಹೊರಗೂ ಕೆತ್ತುವುದು ಒಂದು ವಿಧಾನ. ಆಂಗ್ಲರು ಇದನ್ನು ‘ರೊಟ್ಟಿ ಬೆಣ್ಣೆ’ಯ ವಿಧಾನವೆನ್ನುತ್ತಾರೆ, ಹಲಗೆ ರೊಟ್ಟಿ, ಅಂಟು ಬೆಣ್ಣೆ. ಪ್ರಸಾದ ನಿಲಯದ ಹುಡುಗರು ಇದನ್ನು ಕೇಳಿ ಒಂದು ವಾರ ನಕ್ಕರು. ಸೀಸದ ಹೊಗೆ ವಿಷವಾದ್ದರಿಂದ ಅವರನ್ನು ದೂರ ನಿಲ್ಲಿಸಿ, ಮಠದ ಬಡಿಗರು ಬಯಲಿನಲ್ಲಿ ಅದನ್ನು ಕರಗಿಸಿ ಮರಳಿನ ಅಚ್ಚಿಗೆ ಎರೆದರು. ಹಾಯಿಗೆ ಹಳೆಯ ಛತ್ರಿಯ ಬಟ್ಟೆ.

ಆಷಾಢದ ಗಾಳಿಯಲ್ಲಿ ಮಠದ ಹಿಂದಿನ ಕೆರೆಗೆ ಬಿಟ್ಟೆವು. ದೋಣಿ ಮಗುಚಲಿಲ್ಲ. ಆದರೆ ನಾಲ್ಕು ಮಾರು ಹೋಗಿ, ಗಾಳಿಗೆ ಮೂತಿ ತಿರುಗಿಸಿ, ಹಾಯಿ ಪಟಪಟ ಬಡಿಯುತ್ತ ನಿಂತುಬಿಟ್ಟಿತು. ಚುಕ್ಕಾಣಿ ಬದಲಿಸಿದೆವು, ಹಗ್ಗ ಸಡಿಲಿಸಿದೆವು. ಐದಾರು ದಿನ ಅದೇ ಕಥೆ.

ಆ ದಿನಗಳಲ್ಲಿಯೇ ನಮ್ಮ ತಂದೆಯವರು ಬಂದಿದ್ದರು. ವರ್ಷಕ್ಕೊಮ್ಮೆ ಬರುತ್ತಿದ್ದರು, ಉಳಿದ ಭಕ್ತರ ಸಾಲಿನಲ್ಲಿ ನಿಂತು ನಮಗೆ ಅಡ್ಡಬಿದ್ದು, ಪ್ರಸಾದ ಸ್ವೀಕರಿಸಿ, ಸಂಜೆಯ ಬಸ್ಸಿಗೆ ಹೊರಡುತ್ತಿದ್ದರು. ಅವರು ಅಡ್ಡಬೀಳುವಾಗ ಎತ್ತ ನೋಡಬೇಕೆಂಬುದನ್ನು ಯಾವ ಗುರುಗಳೂ ನಮಗೆ ಕಲಿಸಿರಲಿಲ್ಲ. ಅಂದು ಅವರು ಕೆರೆಯ ಮೆಟ್ಟಿಲ ಮೇಲೆ ಕುಳಿತು ನಮ್ಮ ಪರದಾಟವನ್ನು ಬಹಳ ಹೊತ್ತು ನೋಡಿದರು. ಅನಂತರ ಹತ್ತಿರ ಬಂದು ಕೈಮುಗಿದು ಹೇಳಿದರು:

“ಅಪ್ಪಾರ, ಈಸು ನೊಗದ ನಡು ಬಿಟ್ಟು ಕಟ್ಟಿದ್ರ ನೇಗಿಲಾ ಒಂದ್ ಕಡಿಗೆ ಎಳೀತೈತ್ರಿ. ಇದರ ಕಂಬಾನೂ ಹಂಗ ಹಿಂದ ಬಿದ್ದೈತಿ. ಎರಡ್ ಬೆರಳು ಮುಂದ ತಗೋರಿ.”

ಪುಸ್ತಕದಲ್ಲಿ ಇದನ್ನು ನಾವು ಓದಿಯೇ ಇದ್ದೆವು. ಹಾಯಿಯ ಮೇಲೆ ಗಾಳಿಯ ಒತ್ತಡವೆಲ್ಲ ಕೂಡುವ ಬಿಂದುವೊಂದಿದೆ. ನೀರಿನೊಳಗಿನ ಹಲಗೆ ಪಕ್ಕದ ಸರಿತವನ್ನು ತಡೆಯುವ ಬಿಂದುವೊಂದಿದೆ. ಮೊದಲನೆಯದು ತೀರ ಹಿಂದೆ ಬಿದ್ದರೆ ಗಾಳಿ ದೋಣಿಯ ಬಾಲವನ್ನು ನೂಕಿ ಮೂತಿಯನ್ನು ತನ್ನತ್ತ ತಿರುಗಿಸಿಕೊಳ್ಳುತ್ತದೆ. ಅಷ್ಟು ಓದಿಯೂ ಕಣ್ಣೆದುರಿನ ತಪ್ಪು ಕಾಣಲಿಲ್ಲ. ಅಂದು ಮಧ್ಯಾಹ್ನವೇ ಹಳೆಯ ತೂತಿಗೆ ಮರದ ಬೆಣೆ ಬಡಿದು, ಎರಡು ಬೆರಳು ಮುಂದೆ ಹೊಸ ತೂತು ಕೊರೆದೆವು. ಬೆರಳಿಟ್ಟು ಗುರುತು ಮಾಡಿದವರು ಅವರೇ. ಒಂಬತ್ತನೆಯ ವಯಸ್ಸಿನ ಅನಂತರ ಅವರು ಮತ್ತು ನಾವು ಒಂದೇ ವಸ್ತುವಿನ ಮೇಲೆ ಕೈಯಿಟ್ಟದ್ದು ಅದೇ ಮೊದಲು. ದೋಣಿ ಕೆರೆಯನ್ನು ಓರೆಯಾಗಿ ದಾಟಿ ಆಚೆ ದಡದ ಜೊಂಡಿನಲ್ಲಿ ಸಿಕ್ಕಿಕೊಂಡಿತು. ಹುಡುಗರು ಕೂಗುತ್ತ ಓಡಿದರು. ತಂದೆಯವರು ಅಂದು ಸಂಜೆಯ ಬಸ್ಸು ತಪ್ಪಿಸಿಕೊಂಡರು.

2022ರಲ್ಲಿ ಅವರು ಲಿಂಗೈಕ್ಯರಾದರು. ಈಗ ಹುಡುಗರು ತಮ್ಮದೇ ಮತ್ತೊಂದು ದೋಣಿಯನ್ನು ಕೆತ್ತುತ್ತಿದ್ದಾರೆ. ಕಂಬಕ್ಕೆ ತೂತು ಕೊರೆಯುವ ಮೊದಲು ಕಪಾಟಿನ ಮೇಲಿನ ದೋಣಿಯನ್ನು ಇಳಿಸಿಕೊಂಡು, ಆ ಬೆಣೆಯಿಂದ ಎಷ್ಟು ಮುಂದೆಯೆಂದು ಬೆರಳಿಟ್ಟು ಅಳೆದು ನೋಡಿದರು. ಅವರ ಬೆರಳುಗಳು ಸಣ್ಣವು. ಮೂರು ಇಡಿರೆಂದು ಹೇಳಿದ್ದೇವೆ.