ಕಿವಿಯಿಂದ ಕಲ್ಲು ನೋಡುವವರು

ಬೆಳಿಗ್ಗೆ ಏಳಕ್ಕೇ ಬಿಸಿಲು ಚುರುಗುಟ್ಟುತ್ತಿದೆ. ಗುಂಡಗುರ್ತಿಯ ತೊಗರಿ ಹೊಲಗಳನ್ನು ಹಿಂದೆ ಬಿಟ್ಟು ಶಹಾಬಾದ ಕಡೆ ಬಂದಿದ್ದೀರಿ. ಇದ್ದಕ್ಕಿದ್ದಂತೆ ಎರೆಮಣ್ಣು ಮುಗಿದು ನೆಲ ಬಾಯಿ ಬಿಡುತ್ತದೆ. ಇದೇ ಖಣಿ.

ಇಳಿಯಿರಿ. ಮೇಲೆ ಒಂದಿಷ್ಟು ಕರಿಮಣ್ಣು, ಅದರ ಕೆಳಗೆ ಪುಡಿಚಕ್ಕೆ, ಅದಕ್ಕೂ ಕೆಳಗೆ ರೊಟ್ಟಿ ಒಟ್ಟಿದ ಹಾಗೆ ಬೂದುಬಣ್ಣದ ಪದರು. ಎಂದೋ ಇಲ್ಲಿದ್ದ ಸಮುದ್ರದ ತಳದಲ್ಲಿ ಕೂತು ಗಟ್ಟಿಯಾದ ಸುಣ್ಣದ ಕೆಸರಿದು. ಊರವರ ಬಾಯಲ್ಲಿ ಬರೀ ಫರ್ಸಿ.

ಮಷೀನು ಹಳಿಯ ಮೇಲೆ ಓಡಿ ಗೆರೆ ಕೊಯ್ದು ನಿಂತಿದೆ. ಇನ್ನು ಕೈಯ ಸರದಿ. ಇಲ್ಲಿ ಕಲ್ಲು ಎಬ್ಬಿಸುವ ಕಾಕಾ ಕುಕ್ಕರಗಾಲಲ್ಲಿ ಕೂತು ಕಲ್ಲಿನ ಮೈಗೆ ಸುತ್ತಿಗೆ ತಾಗಿಸುತ್ತಾರೆ. ಟಣ್. ಗೇಣು ಸರಿದು ಮತ್ತೆ ಟಣ್. ಸಂದಿಗೆ ಉಳಿಯಿಟ್ಟು ನಾಲ್ಕು ಪೆಟ್ಟು ಹಾಕಿ ಮತ್ತೆ ಬಡಿದರೆ ದನಿ ಮಂದವಾಗಿದೆ: ಡಬ್.

"ಬಿಟ್ಟತು ನೋಡ್ರಿ."

ಸಬ್ಬಲ್ಲು ತೂರಿಸಿ ಮೀಟಿದರೆ ಚಪ್ಪಡಿ ಏಳುತ್ತದೆ. ಅಡಿಭಾಗ ಮುಟ್ಟಿ: ತಣ್ಣಗೆ, ಪಸೆಪಸೆ. ಬಿಸಿಲನ್ನೇ ಕಾಣದ ಮೈ.

"ನಮ್ಮಪ್ಪನೂ ಕಿವೀಲೇ ಕಲ್ಲು ನೋಡ್ತಿದ್ದ."

ಈ ಕಲ್ಲಿನ ನಂಟು ಅಪ್ಪ, ಅಜ್ಜನಿಗೆ ಮುಗಿಯುವುದಿಲ್ಲ. ಭೀಮೆಯ ದಂಡೆಯ ಕನಗನಹಳ್ಳಿಯಲ್ಲಿ ಸಿಕ್ಕ ಬೌದ್ಧ ಸ್ತೂಪದಲ್ಲಿ ಅಶೋಕನನ್ನು ರಾಣಿಯೊಡನೆ ಕಡೆದು ಹೆಸರು ಕೊರೆದದ್ದೂ ಈ ಸೀಮೆಯ ಸುಣ್ಣದ ಕಲ್ಲಿನಲ್ಲೇ. ಆದರೆ ಕಲ್ಲಿಗೆ ಕಾಲು ಬಂದದ್ದು ರೈಲಿನಿಂದ. 1871ರಲ್ಲಿ ಮುಂಬೈ ಕಡೆಯ ಹಳಿ ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ನಿಜಾಮರ ರೈಲು ಸಿಕಂದರಾಬಾದಿಗೆ ಹೊರಟಿತು. ಫರ್ಸಿ ದೂರದೂರದ ಅಂಗಳ, ಪಡಸಾಲೆ ಸೇರಿತು. ಮುಂದೆ ಶಹಾಬಾದಿನಲ್ಲಿ ಸಿಮೆಂಟು, 1968ರಲ್ಲಿ ವಾಡಿಯಲ್ಲೂ ಎಸಿಸಿ ಕಾರ್ಖಾನೆ. ಗೂಡಿಗೆ ಕಲ್ಲಿದ್ದಲು ಹೊರಗಿನಿಂದ ಬರಬೇಕು. ಬೇಯುವ ಕಲ್ಲು ಮಾತ್ರ ಇಲ್ಲಿನದೇ.

"ಮಗ ಸಿಮೆಂಟ್ ಫ್ಯಾಕ್ಟರಿಗೆ ಹೋಗ್ತಾನ್ರಿ," ಎನ್ನುತ್ತಾರೆ ಕಾಕಾ. "ಅದೂ ಇದೇ ಕಲ್ಲೇ. ನಾವು ಎಬ್ಬಸ್ತೀವಿ, ಅವರು ಪುಡಿ ಮಾಡ್ತಾರ."

ಚೂರುಗಲ್ಲು ಹೊತ್ತು ಮೇಲೇರಿದ್ದ ಅವರ ಹೆಂಡತಿ ಬುತ್ತಿ ಬಿಚ್ಚುತ್ತಾರೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ. ಈಗಷ್ಟೇ ಎದ್ದ ಚಪ್ಪಡಿಯೇ ಊಟದ ಮಣೆ.

ಸಂಜೆ ಅವರ ಮನೆ. ಗೋಡೆ ಫರ್ಸಿ, ಮಾಳಿಗೆಗೆ ಹಾಸಿದ್ದೂ ಫರ್ಸಿ, ಬಟ್ಟೆ ಒಗೆಯುವುದೂ ಅದರ ಮೇಲೆಯೇ. ಹೊಸಿಲ ಬಳಿಯ ಕಲ್ಲು ನಾಲ್ಕು ತಲೆಮಾರಿನ ಪಾದಗಳಿಗೆ ಸವೆದು ಕನ್ನಡಿಯಾಗಿದೆ. ಪಕ್ಕದಲ್ಲಿ ಮಗ ಕಟ್ಟಿಸಿದ ಹೊಸ ಕೋಣೆಯ ನೆಲ ಬಿಳಿ ಟೈಲ್ಸು.

ಕಾಕಾ ಅದರ ಮೇಲೆ ಎರಡು ಹೆಜ್ಜೆ ನಡೆದು, ನಿಂತು, ಹಿಮ್ಮಡಿ ಬಡಿಯುತ್ತಾರೆ.

ಡಬ್.

"ಒಳಗ ಪೊಳ್ಳದ," ಎಂದು ಹೊರಗೆ ಬಂದು, ಹಳೆಯ ಫರ್ಸಿಯ ಮೇಲೆ ಮೈ ಚಾಚುತ್ತಾರೆ.